ವಿಮಾ ಕಂಪನಿಯಿಂದ ವಸೂಲಿ ನೋಟಿಸ್ ಬಂದಾಗ: ವಾಹನ ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ಅಪಘಾತದ ಪ್ರಕರಣಗಳಲ್ಲಿ ಗಾಯಾಳುಗಳಿಗೆ ದಾರಿ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ವಾಹನದ ಮಾಲೀಕರಿಗೆ ಮಾತ್ರ ಎಲ್ಲರೂ ಹೇಳುವುದು ಒಂದೇ ಮಾತು: "ಇನ್ಶೂರೆನ್ಸ್ ಇದೆಯಲ್ಲ, ಅವರೇ ನೋಡಿಕೊಳ್ಳುತ್ತಾರೆ." ಆ ಮಾತು ನಂಬಿ ಸುಮ್ಮನಿದ್ದವರ ಮನೆಗೆ ಕೆಲವು ವರ್ಷಗಳ ಮೇಲೆ ಲಕ್ಷಗಟ್ಟಲೆ ರೂಪಾಯಿ ಕೇಳುವ ನೋಟಿಸ್ ಬರುತ್ತದೆ. ಅಂಥವರು ಪತ್ರ ಬರೆದು, ಫೋನ್ ಮಾಡಿ, ಎದುರು ಕುಳಿತು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

## ಮೊದಲ ಗೊಂದಲಗಳು

ಪಾಲಿಸಿ ಚಾಲ್ತಿಯಲ್ಲಿತ್ತು, ಪ್ರೀಮಿಯಂ ಪೂರ್ತಿ ಕಟ್ಟಿದ್ದೇನೆ. ಆದರೂ ಕಂಪನಿ ನನ್ನಿಂದಲೇ ಹಣ ಕೇಳುವುದು ಹೇಗೆ?

ಪಾಲಿಸಿ ಇರುವುದು ಬೇರೆ, ಅದರ ಷರತ್ತು ಪಾಲಿಸಿರುವುದು ಬೇರೆ. ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಮೂರನೆಯವರಿಗೆ, ಅಂದರೆ ರಸ್ತೆಯಲ್ಲಿ ನಿಮ್ಮ ವಾಹನದಿಂದ ಪೆಟ್ಟಾದವರಿಗೆ, ವಿಮಾ ಕಂಪನಿ ಪರಿಹಾರ ಕೊಡಲೇಬೇಕು. ಆದರೆ ಮಾಲೀಕ ಕೆಲವು ನಿರ್ದಿಷ್ಟ ಷರತ್ತುಗಳನ್ನು ಮುರಿದಿದ್ದರೆ ಕಂಪನಿ ಅದನ್ನು ಆಕ್ಷೇಪಣೆಯಾಗಿ ಎತ್ತಬಹುದು. ಹಿಂದೆ ಈ ಪಟ್ಟಿ 149ನೇ ಕಲಮಿನಲ್ಲಿತ್ತು. 2019ರ ತಿದ್ದುಪಡಿಯ ಈ ಭಾಗ 2022ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ 150ನೇ ಕಲಮಿನಲ್ಲಿದೆ. ಡಿ.ಎಲ್. ಇಲ್ಲದವರು ಅಥವಾ ಅನರ್ಹರಾದವರು ಓಡಿಸಿದ್ದು, ಕುಡಿದು ಓಡಿಸಿದ್ದು, ಪರ್ಮಿಟ್ ಇಲ್ಲದೆ ಬಾಡಿಗೆಗೆ ಬಿಟ್ಟದ್ದು, ಪರ್ಮಿಟ್ ಒಪ್ಪದ ಕೆಲಸಕ್ಕೆ ಬಳಸಿದ್ದು, ರೇಸ್‌ಗೆ ಇಳಿಸಿದ್ದು ಇವುಗಳಲ್ಲಿ ಮುಖ್ಯ.

ಇಂಥ ಲೋಪ ಸಾಬೀತಾದಾಗ, ಅಪಘಾತದ ಪರಿಹಾರ ತೀರ್ಮಾನಿಸುವ ನ್ಯಾಯಮಂಡಳಿ ಹೆಚ್ಚಾಗಿ ಕೊಡುವ ಆದೇಶ ಹೀಗಿರುತ್ತದೆ: ಕಂಪನಿ ಮೊದಲು ಗಾಯಾಳುವಿಗೆ ಹಣ ಕೊಡಲಿ, ಆಮೇಲೆ ಅದನ್ನು ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ. ವಕೀಲರು ಇದನ್ನು 'ಪೇ ಅಂಡ್ ರಿಕವರಿ' ಎನ್ನುತ್ತಾರೆ. ನಿಮಗೆ ಬಂದ ನೋಟಿಸಿನ ಬೇರು ಈ ಆದೇಶದಲ್ಲಿದೆ.

ಹಾಗಿದ್ದರೆ ಕಂಪನಿ ಹಣ ಕೊಡಲಾಗದು ಎಂದು ಮೊದಲೇ ಹೇಳಬಹುದಿತ್ತು. ಕೊಟ್ಟು ನನ್ನಿಂದ ಕೇಳುವುದು ಯಾಕೆ?

ಕಾಲು ಕಳೆದುಕೊಂಡ ಕೂಲಿಯಾಳಿಗೆ, ಗಂಡನನ್ನು ಕಳೆದುಕೊಂಡ ಹೆಂಗಸಿಗೆ, ನಿಮ್ಮ ಚಾಲಕನ ಡಿ.ಎಲ್. ಸರಿಯಿತ್ತೋ ಇಲ್ಲವೋ ಎಂಬುದು ಸಂಬಂಧವೇ ಇಲ್ಲದ ವಿಷಯ. ಮಾಲೀಕನ ಮನೆ ಬಾಗಿಲಿಗೆ ಅಲೆಯುವ ಕಷ್ಟ ಅವರಿಗೆ ಬೇಡ, ಆ ಕಷ್ಟವನ್ನು ಶಕ್ತಿಯಿರುವ ಕಂಪನಿ ಹೊರಲಿ ಎಂಬುದು ಈ ವ್ಯವಸ್ಥೆಯ ಉದ್ದೇಶ. ಮಾಲೀಕರ ಪರವಾಗಿ ಮಾತನಾಡುವಾಗಲೂ ನಾನು ಈ ನಿಯಮವನ್ನು ತಪ್ಪೆನ್ನುವುದಿಲ್ಲ. ತಪ್ಪಾಗುವುದು ಬೇರೆ ಕಡೆ. ನಿಜವಾಗಿ ಷರತ್ತು ಮುರಿಯದ ಮಾಲೀಕರ ಮೇಲೂ, ಅವರು ನ್ಯಾಯಮಂಡಳಿಗೆ ಬಾರದ ಒಂದೇ ಕಾರಣಕ್ಕೆ, ಈ ಹೊರೆ ಬೀಳುತ್ತಿದೆ.

ಬಂದಿರುವುದು ವಕೀಲರ ನೋಟಿಸೋ ಕೋರ್ಟಿನ ನೋಟಿಸೋ ತಿಳಿಯುತ್ತಿಲ್ಲ. ಏನು ನೋಡಬೇಕು?

ಮೇಲ್ಭಾಗದಲ್ಲಿ ವಕೀಲರ ಹೆಸರು, ಕಚೇರಿ ವಿಳಾಸ ಅಚ್ಚಾಗಿದ್ದು, ಕೆಳಗೆ ಅವರದೇ ಸಹಿ ಇದ್ದರೆ ಅದು ಕಂಪನಿಯ ಬೇಡಿಕೆ ಪತ್ರ. ನ್ಯಾಯಾಲಯದ ಹೆಸರು, ಪ್ರಕರಣದ ಸಂಖ್ಯೆ, ಹಾಜರಾಗಬೇಕಾದ ದಿನಾಂಕ ಮತ್ತು ಮೊಹರು ಇದ್ದರೆ ಅದು ಕೋರ್ಟಿನದು. ಸಂಖ್ಯೆಯ ಮೊದಲು ಎಂವಿಸಿ ಎಂದಿದ್ದರೆ ಪರಿಹಾರದ ಪ್ರಕರಣ ಇನ್ನೂ ನಡೆಯುತ್ತಿದೆ ಎಂದರ್ಥ, ಅದು ಒಳ್ಳೆಯ ಸುದ್ದಿ. ಎಕ್ಸಿಕ್ಯೂಷನ್ ಎಂದಿದ್ದರೆ ತೀರ್ಪು ಹೊರಬಿದ್ದು, ಈಗ ಅಮಲ್ಜಾರಿ, ಅಂದರೆ ಅದನ್ನು ಜಾರಿ ಮಾಡಿಸುವ ಕೆಲಸ, ನಡೆಯುತ್ತಿದೆ. ಕೋರ್ಟಿನ ಸಂಖ್ಯೆ ಇದ್ದರೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಅದೇ ದಿನ ಹುಡುಕಿ. ಮುಂದಿನ ದಿನಾಂಕ ಮತ್ತು ಹಿಂದಿನ ಆದೇಶಗಳು ಸಾಮಾನ್ಯವಾಗಿ ಅಲ್ಲಿ ಸಿಗುತ್ತವೆ.

ನೋಟಿಸ್ ತೆಗೆದುಕೊಳ್ಳದೆ ವಾಪಸ್ ಕಳಿಸಿದರೆ ಆಗುವುದಿಲ್ಲವೇ?

ಆಗುವುದಿಲ್ಲ. ಲಕೋಟೆ ನಿರಾಕರಿಸಿದರೆ ಜಾರಿಯಾಯಿತೆಂದೇ ನ್ಯಾಯಾಲಯ ಭಾವಿಸುತ್ತದೆ. ಬಾಗಿಲು ಹಾಕಿದ್ದರೆ ಗೋಡೆಗೆ ಅಂಟಿಸಬಹುದು, ಪತ್ರಿಕೆಯಲ್ಲಿ ಪ್ರಕಟಿಸಬಹುದು. ಪತ್ರ ತೆಗೆದುಕೊಳ್ಳಿ, ಲಕೋಟೆಯನ್ನೂ ಎತ್ತಿಡಿ. ನಿಮಗೆ ವಿಷಯ ತಿಳಿದದ್ದು ಯಾವಾಗ ಎಂಬುದಕ್ಕೆ ಅದರ ಮೇಲಿನ ಅಂಚೆ ಮುದ್ರೆಯೇ ಸಾಕ್ಷಿ.

ನನ್ನ ಕಂಪನಿಯಲ್ಲ, ಎದುರು ಕಾರಿನ ವಿಮಾ ಕಂಪನಿ ರಿಪೇರಿ ಖರ್ಚು ಕೇಳಿ ಪತ್ರ ಬರೆದಿದೆ. ಇದೂ ಅದೇನಾ?

ಇದು ಬೇರೆ. ಆ ಕಂಪನಿ ತನ್ನ ಗ್ರಾಹಕರ ಕಾರು ರಿಪೇರಿಗೆ ಹಣ ಕೊಟ್ಟು, ಅವರ ಹಕ್ಕನ್ನು ತಾನು ವಹಿಸಿಕೊಂಡು, ತಪ್ಪು ನಿಮ್ಮದು ಎಂದು ನಿಮ್ಮನ್ನು ಕೇಳುತ್ತಿದೆ. ನಮ್ಮಲ್ಲಿ ಇದು ಅಪರೂಪ. ಗಾಬರಿಯಾಗಿ ಹಣ ಕಳಿಸಬೇಡಿ, ತಪ್ಪು ಒಪ್ಪಿಕೊಂಡು ಉತ್ತರವನ್ನೂ ಬರೆಯಬೇಡಿ. ವಿಮಾ ಕಂಪನಿಯ ಒಪ್ಪಿಗೆಯಿಲ್ಲದೆ ಹೊಣೆ ಒಪ್ಪಿಕೊಳ್ಳಬಾರದು ಎಂಬುದು ನಿಮ್ಮ ಪಾಲಿಸಿಯಲ್ಲೇ ಇರುವ ಷರತ್ತು. ಪತ್ರದ ಪ್ರತಿಯನ್ನು ಕೂಡಲೇ ನಿಮ್ಮ ಕಂಪನಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಕಾರಿನ ಥರ್ಡ್ ಪಾರ್ಟಿ ವಿಮೆ ಇತರರ ಆಸ್ತಿ ಹಾನಿಗೂ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿವರೆಗೆ ರಕ್ಷಣೆ ಕೊಡುತ್ತದೆ, ದ್ವಿಚಕ್ರ ವಾಹನಕ್ಕೆ 1 ಲಕ್ಷ. ಪ್ರೀಮಿಯಂ ಉಳಿಸಲು ಈ ಮಿತಿಯನ್ನು 6,000 ರೂಪಾಯಿಗೆ ಇಳಿಸಿಕೊಂಡಿದ್ದೀರಾ ಎಂದು ಪಾಲಿಸಿ ತೆರೆದು ನೋಡಿ.

## ಯಾವ ಕಾರಣಕ್ಕೆ ವಸೂಲಿ, ಯಾವುದಕ್ಕೆ ಅಲ್ಲ

ಚಾಲಕನ ಡಿ.ಎಲ್. ನಕಲಿ ಎಂದು ಈಗ ಹೇಳುತ್ತಿದ್ದಾರೆ. ಕೆಲಸಕ್ಕೆ ಸೇರಿಸಿಕೊಳ್ಳುವಾಗ ನಾನು ಡಿ.ಎಲ್. ನೋಡಿದ್ದೆ. ನನ್ನ ತಪ್ಪೇನು?

ನಿಮ್ಮ ವಾದ ಗಟ್ಟಿಯಾಗಿದೆ. ಸ್ವರಣ್ ಸಿಂಗ್ ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ಇದನ್ನೇ: ಡಿ.ಎಲ್. ಇರಲಿಲ್ಲ, ನಕಲಿಯಾಗಿತ್ತು ಎಂದಷ್ಟೇ ತೋರಿಸಿದರೆ ಸಾಲದು. ಮಾಲೀಕ ಬೇಕೆಂದೇ ಅಥವಾ ಎಚ್ಚರಗೇಡಿತನದಿಂದ ಷರತ್ತು ಮುರಿದ ಎಂಬುದನ್ನು ಕಂಪನಿಯೇ ಸಾಬೀತು ಮಾಡಬೇಕು. ನೋಡಲು ಸರಿಯಾಗಿರುವ ಡಿ.ಎಲ್. ತೋರಿಸಿದ, ಚೆನ್ನಾಗಿ ಓಡಿಸಿ ತೋರಿಸಿದ ಚಾಲಕನನ್ನು ಕೆಲಸಕ್ಕೆ ಇಟ್ಟುಕೊಂಡ ಮಾಲೀಕ, ಅದು ಅಸಲಿಯೇ ಎಂದು ಆರ್‌ಟಿಒ ಕಚೇರಿಗೆ ಹೋಗಿ ವಿಚಾರಿಸಬೇಕಿಲ್ಲ ಎಂದೂ 2020ರಲ್ಲಿ ಅದೇ ನ್ಯಾಯಾಲಯ ಹೇಳಿದೆ.

ಆದರೆ ಇದನ್ನೆಲ್ಲ ಹೇಳಲು ನೀವು ಸಾಕ್ಷಿ ಕಟ್ಟೆ ಹತ್ತಬೇಕು. ಡಿ.ಎಲ್. ಜೆರಾಕ್ಸ್ ಇಟ್ಟುಕೊಂಡಿದ್ದೆ, ಇಷ್ಟು ದಿನದಿಂದ ಕೆಲಸದಲ್ಲಿದ್ದ, ಸಂಬಳ ಹೀಗೆ ಕೊಡುತ್ತಿದ್ದೆ ಎಂದು ಪ್ರಮಾಣ ಮಾಡಿ ಹೇಳಬೇಕು. ಬಾಯಿ ಬಿಡದ ಮಾಲೀಕನಿಗೆ ಈ ತೀರ್ಪುಗಳಿಂದ ಪ್ರಯೋಜನ ಕಡಿಮೆ.

ಡಿ.ಎಲ್. ಅವಧಿ ಮುಗಿದು ಕೆಲವೇ ದಿನವಾಗಿತ್ತು. ಒಂದು ತಿಂಗಳು ವಿನಾಯಿತಿ ಇದೆಯಲ್ಲವೇ?

ಇತ್ತು, ಈಗಿಲ್ಲ. ಅವಧಿ ಮುಗಿದ ಮೇಲೂ 30 ದಿನ ಡಿ.ಎಲ್. ಊರ್ಜಿತವೆಂದು ಹಿಂದೆ ಕಾಯ್ದೆಯಲ್ಲಿದ್ದ ಮಾತನ್ನು 2019ರ ತಿದ್ದುಪಡಿ ತೆಗೆದುಹಾಕಿದೆ. ನಿಮ್ಮ ಅಪಘಾತ ತಿದ್ದುಪಡಿಗೆ ಮುಂಚಿನದಾಗಿದ್ದರೆ ಮಾತ್ರ ಆ ವಾದ ಉಳಿಯುತ್ತದೆ. ಅದಿಲ್ಲದಿದ್ದರೂ ಬೇರೊಂದು ವಾದವಿದೆ. ಹಲವು ವರ್ಷ ಡಿ.ಎಲ್. ಇದ್ದವನಿಗೆ ನವೀಕರಣ ತಪ್ಪಿದ ದಿನವೇ ವಾಹನ ಓಡಿಸುವುದು ಮರೆತುಹೋಗುವುದಿಲ್ಲ. ಷರತ್ತಿನ ಉಲ್ಲಂಘನೆ ಅಪಘಾತಕ್ಕೆ ಕಾರಣವಾಗುವಷ್ಟು ಮೂಲಭೂತವಾಗಿರಬೇಕು ಎಂದು ಸ್ವರಣ್ ಸಿಂಗ್ ತೀರ್ಪೇ ಹೇಳುತ್ತದೆ.

ಚಾಲಕನಿಗೆ ಎಲ್‌ಎಂವಿ (ಲಘು ಮೋಟಾರು ವಾಹನ) ಡಿ.ಎಲ್. ಮಾತ್ರ ಇತ್ತು, ವಾಹನ ಹಳದಿ ಬೋರ್ಡಿನದು. ಬ್ಯಾಡ್ಜ್ (ಸಾರಿಗೆ ವಾಹನ ಓಡಿಸುವ ಅನುಮತಿ) ಇಲ್ಲ ಎಂದು ವಸೂಲಿಗೆ ಬಂದಿದ್ದಾರೆ.

ವಾಹನದ ಒಟ್ಟು ತೂಕ 7,500 ಕೆ.ಜಿ. ಒಳಗಿದ್ದರೆ ಎಲ್‌ಎಂವಿ ಡಿ.ಎಲ್. ಸಾಕು. ಸುಪ್ರೀಂ ಕೋರ್ಟ್ 2017ರಲ್ಲಿ ಮುಕುಂದ್ ದೇವಾಂಗನ್ ಪ್ರಕರಣದಲ್ಲಿ ಹೀಗೆಂದಿತ್ತು. ವಿಮಾ ಕಂಪನಿಗಳು ಅದನ್ನು ಪ್ರಶ್ನಿಸಿದ ಮೇಲೆ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2024ರ ನವೆಂಬರ್ 6ರಂದು ರಂಭಾ ದೇವಿ ಪ್ರಕರಣದಲ್ಲಿ ಅದನ್ನೇ ಎತ್ತಿಹಿಡಿಯಿತು. ಟ್ಯಾಕ್ಸಿ, ಸಣ್ಣ ಗೂಡ್ಸ್ ವಾಹನಗಳ ಮಾಲೀಕರಿಗೆ ಇದಕ್ಕಿಂತ ದೊಡ್ಡ ಆಸರೆ ಇನ್ನೊಂದಿಲ್ಲ. ನಿಮ್ಮ ವಿರುದ್ಧದ ಆದೇಶ ಬರೀ ಬ್ಯಾಡ್ಜ್ ಇಲ್ಲದ ಕಾರಣಕ್ಕೆ ಬಂದಿದ್ದರೆ ಮೇಲ್ಮನವಿಯ ಬಗ್ಗೆ ಈ ವಾರವೇ ವಕೀಲರ ಹತ್ತಿರ ಮಾತನಾಡಿ.

ಮಗನಿಗೆ ಇನ್ನೂ ಹದಿನೇಳು. ಹೇಳದೆ ಕೀಲಿ ತೆಗೆದುಕೊಂಡು ಹೋಗಿ ಅಪಘಾತ ಮಾಡಿದ. ನನಗೆ ಗೊತ್ತೇ ಇರಲಿಲ್ಲ ಎಂದರೆ ಒಪ್ಪುತ್ತಾರೆಯೇ?

ಕಷ್ಟ. ಅಪ್ರಾಪ್ತರು ಓಡಿಸಿದಾಗ 199ಎ ಕಲಮಿನಡಿ ಪೋಷಕ ಅಥವಾ ಮಾಲೀಕನೇ ತಪ್ಪಿತಸ್ಥನೆಂದು ಕಾನೂನು ಮೊದಲೇ ಭಾವಿಸುತ್ತದೆ. ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ, ವಾಹನದ ನೋಂದಣಿ 12 ತಿಂಗಳು ರದ್ದು, ಇಷ್ಟೂ ಅದರಲ್ಲಿದೆ. ಪರಿಹಾರದ ಹಣದ ವಸೂಲಿ ಇವೆಲ್ಲಕ್ಕೂ ಮೇಲೆ ಬೇರೆ. ನನಗೆ ಗೊತ್ತಿರಲಿಲ್ಲ ಎನ್ನುವ ವಾದ ನಿಲ್ಲಬೇಕಾದರೆ ಕೀಲಿ ಎಲ್ಲಿತ್ತು, ಯಾರ ವಶದಲ್ಲಿತ್ತು, ಹುಡುಗ ಮೊದಲು ಓಡಿಸಿದ್ದನೇ ಎಂಬ ಪ್ರಶ್ನೆಗಳಿಗೆ ನಂಬುವಂತಹ ಉತ್ತರ ಬೇಕು. ಬಾಗಿಲ ಪಕ್ಕದ ಮೊಳೆಗೆ ಕೀಲಿ ನೇತುಹಾಕುವ ಮನೆಗಳಲ್ಲಿ ಆ ಉತ್ತರ ಸಿಗುವುದಿಲ್ಲ. ಮಕ್ಕಳಿರುವ ಮನೆಯವರು ಇವತ್ತೇ ಆ ಕೀಲಿಯನ್ನು ಕಪಾಟಿನೊಳಗಿಟ್ಟು ಬೀಗ ಹಾಕಬೇಕೆಂದು ಕೈಮುಗಿದು ಕೇಳುತ್ತೇನೆ.

ಬಿಳಿ ಬೋರ್ಡಿನ ಕಾರನ್ನು ಪರಿಚಯದವರ ಮದುವೆಗೆ ಕೊಟ್ಟಿದ್ದೆ. ಬಾಡಿಗೆಗೆ ಬಿಟ್ಟಿದ್ದೀರಿ ಎನ್ನುತ್ತಿದ್ದಾರೆ.

ಸ್ನೇಹಕ್ಕೆ ಕೊಡುವುದು ಬಾಡಿಗೆಯಲ್ಲ. ಡೀಸೆಲ್ ಹಾಕಿಸಿಕೊಂಡರು ಎಂಬುದರಿಂದಲೂ ಅದು ಬಾಡಿಗೆಯಾಗುವುದಿಲ್ಲ. ಆದರೆ ಅಪಘಾತದ ನಂತರ ಪೊಲೀಸರ ಮುಂದೆ ಕಾರಿನಲ್ಲಿದ್ದವರು "ಬಾಡಿಗೆ ಮಾಡಿಕೊಂಡು ಬಂದೆವು" ಎಂದು ಹೇಳಿಕೆ ಕೊಟ್ಟಿದ್ದರೆ ಕಂಪನಿ ಅದನ್ನೇ ಹಿಡಿಯುತ್ತದೆ. ಚಾರ್ಜ್‌ಶೀಟಿನ ಜೊತೆಗಿರುವ ಹೇಳಿಕೆಗಳ ಪ್ರತಿ ತೆಗೆಸಿ ಓದಿ, ಹಾಗೆ ಹೇಳಿದವರನ್ನು ಪಾಟೀಸವಾಲು ಮಾಡಿಸಿ.

ಎಮಿಷನ್ ಸರ್ಟಿಫಿಕೇಟ್ ಇರಲಿಲ್ಲ, ಎಫ್.ಸಿ. (ವಾಹನದ ಅರ್ಹತಾ ಪತ್ರ) ಮುಗಿದಿತ್ತು. ಇದಕ್ಕೂ ವಸೂಲಿ ಮಾಡಬಹುದೇ?

ಹೊಗೆ ತಪಾಸಣೆ ಪತ್ರ 150ನೇ ಕಲಮಿನ ಪಟ್ಟಿಯಲ್ಲಿಲ್ಲ. ಅತಿ ವೇಗ, ಅಜಾಗರೂಕತೆ ಕೂಡ ಇಲ್ಲ, ವಿಮೆ ಇರುವುದೇ ಅಂಥ ತಪ್ಪುಗಳಿಂದಾಗುವ ಹಾನಿಗೆ. ಎಫ್.ಸಿ. ವಿಷಯ ಪಟ್ಟಿಯಲ್ಲಿ ನೇರವಾಗಿ ಇಲ್ಲದಿದ್ದರೂ, ಎಫ್.ಸಿ. ಇಲ್ಲದ ಸಾರಿಗೆ ವಾಹನ ನೋಂದಣಿಯಾದದ್ದೇ ಅಲ್ಲ ಎಂಬ ವಾದವನ್ನು ಕಂಪನಿಗಳು ಮಾಡುತ್ತವೆ. ಎದುರಿಸಲು ಸಿದ್ಧರಾಗಿರಿ.

ಕಾರು ಮಾರಿ ವರ್ಷವಾಗಿತ್ತು. ಡೆಲಿವರಿ ನೋಟ್ ಇದೆ. ಆದರೂ ನೋಟಿಸ್ ನನಗೇ ಬಂದಿದೆ.

ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ಹತ್ತು ಕೈ ಬದಲಾಗಿದ್ದರೂ ನೋಂದಣಿ ಬದಲಾಗದಿದ್ದರೆ ಹೊಣೆ ನೋಂದಾಯಿತ ಮಾಲೀಕನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿತು. ಡೆಲಿವರಿ ನೋಟಿನಲ್ಲಿ "ಇಂದಿನಿಂದ ಎಲ್ಲ ಜವಾಬ್ದಾರಿ ಖರೀದಿದಾರರದು" ಎಂದು ಬರೆಸಿಕೊಂಡಿದ್ದರೆ ಅದು ನಿಮ್ಮಿಬ್ಬರ ನಡುವಿನ ಒಪ್ಪಂದ. ನೀವು ಹಣ ಕಟ್ಟಬೇಕಾಗಿ ಬಂದರೆ ಅದರ ಆಧಾರದ ಮೇಲೆ ಖರೀದಿದಾರರ ವಿರುದ್ಧ ಸಿವಿಲ್ ದಾವೆ ಹೂಡಬಹುದು, ವಿಮಾ ಕಂಪನಿಯ ಮುಂದೆ ಮಾತ್ರ ಅದು ಗುರಾಣಿಯಾಗದು. ಪರಿಹಾರದ ಪ್ರಕರಣ ಇನ್ನೂ ನಡೆಯುತ್ತಿದ್ದರೆ ಖರೀದಿದಾರರನ್ನೂ ಪ್ರತಿವಾದಿಯಾಗಿ ಸೇರಿಸುವಂತೆ ಅರ್ಜಿ ಹಾಕಿಸಿ, ಅಪಘಾತ ಮಾಡಿದ ಚಾಲಕನನ್ನು ನೇಮಿಸಿದ್ದು ಯಾರು ಎಂಬುದು ದಾಖಲೆಗೆ ಬರಲಿ. ಇನ್ನು ಮಾರಲಿರುವವರಿಗೆ: ಫಾರಂ 29, 30 ಸಹಿ ಮಾಡಿ ದಲ್ಲಾಳಿಯ ಕೈಗೆ ಕೊಟ್ಟು ಬರಬೇಡಿ. ಹೆಸರು ಬದಲಾದದ್ದನ್ನು ಪರಿವಾಹನ್ ಜಾಲತಾಣದಲ್ಲಿ ಕಣ್ಣಾರೆ ನೋಡಿ.

ಪ್ರೀಮಿಯಂಗೆ ಕೊಟ್ಟ ಚೆಕ್ ವಾಪಸಾಗಿತ್ತು. ಪಾಲಿಸಿ ಇದ್ದಂತೆಯೇ, ಇಲ್ಲದಂತೆಯೇ?

ಅಪಘಾತಕ್ಕೆ ಮೊದಲೇ ಕಂಪನಿ ಪಾಲಿಸಿ ರದ್ದು ಮಾಡಿ ನಿಮಗೆ ತಿಳಿಸಿದ್ದರೆ ಇಲ್ಲದಂತೆ. ರದ್ದತಿಯ ಸುದ್ದಿ ತಲುಪುವ ಮೊದಲೇ ಅಪಘಾತ ನಡೆದಿದ್ದರೆ ಕಂಪನಿ ಮೂರನೆಯವರಿಗೆ ಪರಿಹಾರ ಕೊಡಬೇಕೆಂದು ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ಕೊಟ್ಟದ್ದನ್ನು ನಿಮ್ಮಿಂದ ಕೇಳುವ ದಾರಿ ಕಂಪನಿಗೆ ಆಗಲೂ ಇರುತ್ತದೆ. ಹೊಸ 150ನೇ ಕಲಮು ಪ್ರೀಮಿಯಂ ಸಂದಾಯವಾಗದಿರುವುದನ್ನು ಆಕ್ಷೇಪಣೆಗಳ ಪಟ್ಟಿಗೇ ಸೇರಿಸಿದೆ.

## ಪ್ರಕರಣ ಇನ್ನೂ ನ್ಯಾಯಮಂಡಳಿಯಲ್ಲಿದ್ದರೆ

ಸಮನ್ಸ್ ಬಂತು. ಏಜೆಂಟರು "ನೀವು ಬರುವುದು ಬೇಡ, ಕಂಪನಿ ವಕೀಲರು ಇದ್ದಾರೆ" ಎಂದರು. ಹೋಗಬೇಕೇ?

ಹೋಗಬೇಕು. ಈ ಇಡೀ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತು ನಿಮಗಿದ್ದರೆ ಇದನ್ನೇ ಓದಿ.

ಕಂಪನಿಯ ವಕೀಲರು ಕಂಪನಿಯ ವಕೀಲರು, ನಿಮ್ಮವರಲ್ಲ. ಗಾಯಾಳುವಿನ ಎದುರು ನೀವಿಬ್ಬರೂ ಒಂದೇ ಸಾಲಿನ ಪ್ರತಿವಾದಿಗಳಂತೆ ಕಂಡರೂ, ಡಿ.ಎಲ್., ಪರ್ಮಿಟ್ ವಿಷಯ ಬಂದ ಕೂಡಲೇ ಅವರ ಹಿತ ನಿಮ್ಮ ಹಿತಕ್ಕೆ ನೇರ ವಿರುದ್ಧ. ಅವರು ಸಲ್ಲಿಸುವ ಲಿಖಿತ ಹೇಳಿಕೆಯಲ್ಲಿ "ಚಾಲಕನಿಗೆ ಸಿಂಧುವಾದ ಡಿ.ಎಲ್. ಇರಲಿಲ್ಲ, ಆದ್ದರಿಂದ ಹೊಣೆ ಮಾಲೀಕನದು" ಎಂಬ ಸಾಲು ಹೆಚ್ಚುಕಡಿಮೆ ಯಾವಾಗಲೂ ಇರುತ್ತದೆ. ಡಿ.ಎಲ್. ಹಾಜರುಪಡಿಸಿ ಎಂದು ನಿಮಗೆ ಒಂದು ನೋಟಿಸ್ ಕಳಿಸುತ್ತಾರೆ. ನೀವು ಉತ್ತರಿಸದಿದ್ದರೆ ಆ ನೋಟಿಸಿನ ಪ್ರತಿಯನ್ನೂ ಅಂಚೆ ರಸೀದಿಯನ್ನೂ ಗುರುತು ಮಾಡಿಸಿ, "ಇದ್ದಿದ್ದರೆ ತರುತ್ತಿದ್ದರು" ಎನ್ನುತ್ತಾರೆ. ಎದುರಾಡಲು ಯಾರೂ ಇಲ್ಲದ ಕಡೆ ಆ ಮಾತೇ ನಿಲ್ಲುತ್ತದೆ. ಡಿ.ಎಲ್. ಸರಿಯಾಗಿಯೇ ಇದ್ದು, ಅದು ಮನೆಯ ಕಪಾಟಿನಲ್ಲೇ ಉಳಿದು, ವಸೂಲಿ ಆದೇಶ ಹೊತ್ತವರಿದ್ದಾರೆ. ಇದಕ್ಕಿಂತ ಸಂಕಟದ ವಿಷಯ ನನಗೆ ಇನ್ನೊಂದಿಲ್ಲ.

ಮಾಡಬೇಕಾದ ಕೆಲಸ ದೊಡ್ಡದಲ್ಲ. ಸ್ವಂತ ವಕೀಲರಿಗೆ ವಕಾಲತ್ತು ಕೊಡಿ, ಲಿಖಿತ ಹೇಳಿಕೆ ಹಾಕಿಸಿ, ಡಿ.ಎಲ್., ಆರ್.ಸಿ., ಪಾಲಿಸಿ, ಪರ್ಮಿಟ್ ಇದ್ದರೆ ಅದನ್ನೂ ಸಲ್ಲಿಸಿ. ಚಾಲಕ ಕೆಲಸ ಬಿಟ್ಟುಹೋಗಿ ಡಿ.ಎಲ್. ಸಿಗುತ್ತಿಲ್ಲವೆಂದರೆ ಸಂಖ್ಯೆ ಹೇಳಿ ಆರ್‌ಟಿಒ ಕಚೇರಿಯಿಂದ ಡಿ.ಎಲ್. ಎಕ್ಸ್‌ಟ್ರಾಕ್ಟ್ ತರಿಸಬಹುದು. ಪೊಲೀಸರು ತನಿಖೆಯಲ್ಲಿ ಪಡೆದ ಪ್ರತಿ ಕ್ರಿಮಿನಲ್ ಕಡತದಲ್ಲೂ ಇರಬಹುದು. ಬೆಂಗಳೂರಿನಲ್ಲಿ ಈ ಪ್ರಕರಣಗಳು ಲಘು ವ್ಯವಹಾರಗಳ ನ್ಯಾಯಾಲಯದಲ್ಲಿ, ಉಳಿದೆಡೆ ಜಿಲ್ಲಾ ಮತ್ತು ಹಿರಿಯ ಸಿವಿಲ್ ನ್ಯಾಯಾಲಯಗಳಲ್ಲಿ ನಡೆಯುತ್ತವೆ. ವಕೀಲರ ಶುಲ್ಕ ಭರಿಸಲಾಗದವರು ಅದೇ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ, ಸಹಾಯವಾಣಿ 15100. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು ಮತ್ತು ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿನ ಹಕ್ಕಿದೆ.

ಕ್ರಿಮಿನಲ್ ಕೇಸಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಬೇಗ ಮುಗಿಯುತ್ತದೆ ಎನ್ನುತ್ತಾರೆ. ಕಟ್ಟಿಬಿಡಲೇ?

ಚಾರ್ಜ್‌ಶೀಟಿನಲ್ಲಿ ಯಾವ ಕಲಮುಗಳಿವೆ ಎಂದು ಮೊದಲು ನೋಡಿ. ಅಜಾಗರೂಕ ಚಾಲನೆಯ ಜೊತೆಗೆ ಡಿ.ಎಲ್. ಇಲ್ಲದೆ ಓಡಿಸಿದ 181ನೇ ಕಲಮು, ಡಿ.ಎಲ್. ಇಲ್ಲದವನಿಗೆ ವಾಹನ ಕೊಟ್ಟ 180ನೇ ಕಲಮು ಸೇರಿದ್ದರೆ, ದಂಡ ಕಟ್ಟಿದ ಆ ಆದೇಶದ ದೃಢೀಕೃತ ಪ್ರತಿ ವಿಮಾ ಕಂಪನಿಯ ಕೈಗೆ ಸಿಗುತ್ತದೆ. ಕೆಲವು ಸಾವಿರದ ದಂಡ ಕೆಲವು ಲಕ್ಷದ ವಸೂಲಿಗೆ ಸಾಕ್ಷ್ಯವಾಗುತ್ತದೆ. ಡಿ.ಎಲ್. ಇದ್ದೂ, ಆ ದಿನ ತೋರಿಸಲಿಲ್ಲವೆಂದು ಈ ಕಲಮು ಹಾಕಿದ್ದರೆ ತಪ್ಪೊಪ್ಪಿಕೊಳ್ಳಲೇಬೇಡಿ.

ಓಡಿಸುತ್ತಿದ್ದವನಿಗೆ ಡಿ.ಎಲ್. ಇರಲಿಲ್ಲ. ಡಿ.ಎಲ್. ಇರುವ ಅಣ್ಣನ ಹೆಸರು ಕೊಡಿ ಎಂದು ಕೆಲವರು ಹೇಳುತ್ತಿದ್ದಾರೆ.

ಖಂಡಿತ ಬೇಡ. ಸುಳ್ಳು ಸಾಕ್ಷ್ಯ ಸೃಷ್ಟಿಸುವುದು ಅಪರಾಧ, ಅದರಲ್ಲಿ ಅಣ್ಣನೂ ಸಿಕ್ಕಿಕೊಳ್ಳುತ್ತಾನೆ. ಕಂಪನಿಯ ತನಿಖಾಧಿಕಾರಿಗಳು ಆಸ್ಪತ್ರೆಯ ದಾಖಲೆ, ಮೊಬೈಲ್ ಇದ್ದ ಜಾಗ, ಸಿಸಿಟಿವಿ, ಯಾರಿಗೆ ಎಲ್ಲಿ ಗಾಯವಾಗಿದೆ ಎಂಬುದನ್ನು ಹುಡುಕುತ್ತಾರೆ. ಸ್ಟೀರಿಂಗ್ ಹಿಡಿದವನ ಎದೆಯ ಗಾಯ ಎಕ್ಸ್‌ರೇ ವರದಿಯಲ್ಲಿ ಕಾಣುತ್ತದೆ. ಹಣದ ಹೊರೆಯನ್ನು ಕಂತಿನಲ್ಲಾದರೂ ತೀರಿಸಬಹುದು, ಕ್ರಿಮಿನಲ್ ಕೇಸಿಗೆ ಆ ಅನುಕೂಲವಿಲ್ಲ.

## ತೀರ್ಪು ಬಂದ ಮೇಲೆ

ತೀರ್ಪಿನ ಪ್ರತಿ ಇಂಗ್ಲಿಷಿನಲ್ಲಿದೆ. ನನ್ನ ಮೇಲೆ ನಿಜವಾಗಿ ಏನು ಆದೇಶವಿದೆ ಎಂದು ತಿಳಿಯುವುದು ಹೇಗೆ?

ಕೊನೆಯ ಎರಡು ಪುಟ ತೆರೆಯಿರಿ. 'ಆರ್ಡರ್' ಎಂಬ ಶೀರ್ಷಿಕೆಯ ಕೆಳಗಿರುವುದೇ ಆದೇಶದ ಭಾಗ. ಕಂಪನಿ ಠೇವಣಿ ಇಡಬೇಕು ಎಂದಷ್ಟೇ ಬರೆದು ನಿಂತಿದ್ದರೆ ವಸೂಲಿಯ ಹಕ್ಕು ಸಿಕ್ಕಿಲ್ಲ. ಅದರ ಮುಂದೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲು 'ಲಿಬರ್ಟಿ' ಇದೆ ಎಂಬ ಮಾತಿದ್ದರೆ ಸಿಕ್ಕಿದೆ. ಆ ಮಾತೇ ಇಲ್ಲದ ತೀರ್ಪನ್ನು ಹಿಡಿದು ನೋಟಿಸ್ ಕಳಿಸಿದ್ದರೆ, ಅದನ್ನು ತೋರಿಸಿ ಲಿಖಿತವಾಗಿ ಉತ್ತರ ಕೊಡಿ. ಒಂದನೇ ಪ್ರತಿವಾದಿ, ಎರಡನೇ ಪ್ರತಿವಾದಿ ಎಂದು ಬರೆದಿರುವಾಗ ಯಾರು ಯಾರೆಂಬುದು ಮೊದಲ ಪುಟದಲ್ಲಿರುತ್ತದೆ.

ಪ್ರಕರಣ ನಡೆದದ್ದೇ ನನಗೆ ಗೊತ್ತಿಲ್ಲ. ಮನೆ ಬದಲಿಸಿದ್ದೆ, ಸಮನ್ಸ್ ಹಳೆಯ ವಿಳಾಸಕ್ಕೆ ಹೋಗಿದೆ.

ಇದು ಬಹಳ ಸಾಮಾನ್ಯ, ಏಕೆಂದರೆ ಸಮನ್ಸ್ ಹೋಗುವುದು ಆರ್.ಸಿ.ಯಲ್ಲಿರುವ ವಿಳಾಸಕ್ಕೆ. ನಿಮ್ಮ ಗೈರಿನಲ್ಲಿ ಬಂದ ಏಕಪಕ್ಷೀಯ ತೀರ್ಪನ್ನು ರದ್ದು ಮಾಡಿ ಎಂದು ಅದೇ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಅವಧಿ 30 ದಿನ. ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ ತೀರ್ಪಿನ ವಿಷಯ ನಿಮಗೆ ತಿಳಿದ ದಿನದಿಂದ ಎಣಿಕೆ. ಕಡತ ಪರಿಶೀಲಿಸಿ, ಸಮನ್ಸಿನ ಲಕೋಟೆ ಯಾವ ಷರಾದೊಂದಿಗೆ ವಾಪಸಾಯಿತು ಎಂದು ನೋಡಿ. ಆ ಹೊತ್ತಿಗೆ ನೀವು ಬೇರೆ ಕಡೆ ಇದ್ದುದಕ್ಕೆ ಬಾಡಿಗೆ ಕರಾರು, ವಿದ್ಯುತ್ ಬಿಲ್ಲು, ಮಕ್ಕಳ ಶಾಲೆಯ ದಾಖಲೆ ಯಾವುದಾದರೂ ಸರಿ, ಜೊತೆಗಿಡಿ.

ಹೈಕೋರ್ಟಿಗೆ ಹೋಗಬಹುದೇ? ಪೂರ್ತಿ ಹಣ ಕಟ್ಟಬೇಕಾಗುತ್ತದೆಯೇ?

ಹೋಗಬಹುದು, ಪೂರ್ತಿ ಕಟ್ಟಬೇಕಿಲ್ಲ. 173ನೇ ಕಲಮಿನಡಿ ತೀರ್ಪಿನ ದಿನದಿಂದ 90 ದಿನದೊಳಗೆ ಮೇಲ್ಮನವಿ ಸಲ್ಲಿಸಬೇಕು. ಹಣ ಕಟ್ಟಬೇಕಾದವರು 25,000 ರೂಪಾಯಿ ಅಥವಾ ಪರಿಹಾರದ ಅರ್ಧ, ಇದರಲ್ಲಿ ಯಾವುದು ಕಡಿಮೆಯೋ ಅದನ್ನು ಠೇವಣಿ ಇಡಬೇಕು. ವಿವಾದದ ಮೊತ್ತ 1 ಲಕ್ಷಕ್ಕಿಂತ ಕಡಿಮೆಯಿದ್ದರೆ ಮೇಲ್ಮನವಿ ಇಲ್ಲ. ತಡವಾದರೆ ಸಮರ್ಪಕ ಕಾರಣ ಕೊಟ್ಟು ಮನ್ನಾ ಕೇಳಬಹುದು. ಒಂದು ಎಚ್ಚರಿಕೆ: ಈ ಠೇವಣಿಯಿಂದ ವಸೂಲಿ ತಾನಾಗಿ ನಿಲ್ಲುವುದಿಲ್ಲ. ತಡೆಯಾಜ್ಞೆಗೆ ಬೇರೆ ಅರ್ಜಿ ಬೇಕು, ಅದಕ್ಕೆ ಹೈಕೋರ್ಟ್ ಇನ್ನಷ್ಟು ಠೇವಣಿ ಕೇಳಬಹುದು. ಬೆಂಗಳೂರು, ಧಾರವಾಡ, ಕಲಬುರಗಿ, ಈ ಮೂರರಲ್ಲಿ ನಿಮ್ಮ ಜಿಲ್ಲೆ ಯಾವ ಪೀಠಕ್ಕೆ ಸೇರಿದೆಯೋ ಅಲ್ಲಿ ಸಲ್ಲಿಸಬೇಕು.

ತೀರ್ಪಿನಲ್ಲಿ 8 ಲಕ್ಷ, ನೋಟಿಸಿನಲ್ಲಿ 11 ಲಕ್ಷ. ಇದು ಸರಿಯೇ?

ಲೆಕ್ಕ ಕೇಳಿ. ಪರಿಹಾರದ ಮೇಲೆ ಅರ್ಜಿ ಹಾಕಿದ ದಿನದಿಂದ ಬಡ್ಡಿ ಬರುತ್ತದೆ, ಸಾಮಾನ್ಯವಾಗಿ ವರ್ಷಕ್ಕೆ ಶೇ 6ರಿಂದ 9. 8 ಲಕ್ಷಕ್ಕೆ ಶೇ 6ರಂತೆ ಮೂರು ವರ್ಷಕ್ಕೆ ಬಡ್ಡಿ 1,44,000, ಒಟ್ಟು 9,44,000. ಕಂಪನಿ ನಿಜವಾಗಿ ಠೇವಣಿ ಇಟ್ಟ ಮೊತ್ತ ಎಷ್ಟು, ಯಾವ ದಿನಾಂಕ, ಆಮೇಲಿನ ಬಡ್ಡಿಯನ್ನು ಯಾವ ಆದೇಶದ ಆಧಾರದ ಮೇಲೆ ಸೇರಿಸಿದ್ದಾರೆ ಎಂಬುದಕ್ಕೆ ದಾಖಲೆ ಕೊಡಲು ಲಿಖಿತವಾಗಿ ಕೇಳಿ. ಹೈಕೋರ್ಟಿನಲ್ಲಿ ಪರಿಹಾರ ಕಡಿಮೆಯಾಗಿದ್ದು ನೋಟಿಸ್ ಹಳೆಯ ಮೊತ್ತಕ್ಕೇ ಬಂದಿದೆಯೇ ಎಂದೂ ನೋಡಿಕೊಳ್ಳಿ.

ಹಣ ಕಟ್ಟದಿದ್ದರೆ ಮನೆ ಜಪ್ತಿ ಮಾಡುತ್ತಾರೆಯೇ? ಜೈಲಿಗೆ ಹಾಕುತ್ತಾರೆಯೇ?

ವಸೂಲಿಗೆ ಕಂಪನಿ ಹೊಸ ದಾವೆ ಹೂಡಬೇಕಿಲ್ಲ. 2004ರ ನಂಜಪ್ಪನ್ ತೀರ್ಪಿನ ನಂತರ ಅದೇ ತೀರ್ಪಿನ ಮೇಲೆ ನೇರವಾಗಿ ಅಮಲ್ಜಾರಿ ಅರ್ಜಿ ಹಾಕಬಹುದು, ನಿಮ್ಮಿಂದ ಭದ್ರತೆ ಕೇಳಬಹುದು, ಅಪಘಾತ ಮಾಡಿದ ವಾಹನವನ್ನೇ ಜಪ್ತಿ ಮಾಡಿಸಬಹುದು. 174ನೇ ಕಲಮಿನಡಿ ಜಿಲ್ಲಾಧಿಕಾರಿಗಳ ಮೂಲಕ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡುವ ದಾರಿಯೂ ಕಾಯ್ದೆಯಲ್ಲಿದೆ.

ಆದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಕೆಲವನ್ನು ಮುಟ್ಟಬಾರದು ಎನ್ನುತ್ತದೆ. ಕೃಷಿಕರ ಉಪಕರಣ, ಉಳುವ ಎತ್ತು, ಬಿತ್ತನೆ ಬೀಜ, ಕೃಷಿಕರು ವಾಸಿಸುವ ಮನೆ, ಕುಶಲಕರ್ಮಿಯ ಸಲಕರಣೆ, ಸರ್ಕಾರಿ ಪಿಂಚಣಿ, ಭವಿಷ್ಯ ನಿಧಿ ಇದರಲ್ಲಿ ಸೇರುತ್ತವೆ. ಸಂಬಳದಲ್ಲಿ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗಕ್ಕೆ ರಕ್ಷಣೆಯಿದೆ. 40,000 ಸಂಬಳವಿದ್ದರೆ ತಿಂಗಳಿಗೆ ಹಿಡಿಯಬಹುದಾದದ್ದು 13,000. ಅದೂ ಒಂದು ಡಿಕ್ರಿಗೆ, ಅಂದರೆ ಜಾರಿ ಮಾಡಬೇಕಾದ ಒಂದು ತೀರ್ಪಿಗೆ, ಒಟ್ಟು 24 ತಿಂಗಳು ಮಾತ್ರ. ಅಮೀನರು ಬಂದಾಗ ಜಗಳವಾಡಬೇಡಿ. ಯಾವ ವಸ್ತುವಿಗೆ ರಕ್ಷಣೆಯಿದೆ ಎಂದು ಬರೆದುಕೊಟ್ಟು, ನ್ಯಾಯಾಲಯಕ್ಕೆ ಆಕ್ಷೇಪಣೆ ಹಾಕಿ.

ಸಿವಿಲ್ ಸೆರೆಗೆ ಕಳಿಸಬೇಕಾದರೆ ನಿಮಗೆ ಕೊಡುವ ಶಕ್ತಿಯಿದ್ದೂ ಬೇಕೆಂದೇ ಕೊಡುತ್ತಿಲ್ಲ ಎಂದು ತೋರಿಸಬೇಕು. ಕೈಯಲ್ಲಿ ಹಣವಿಲ್ಲದವರನ್ನು ಬಡತನದ ಕಾರಣಕ್ಕೆ ಒಳಗೆ ಹಾಕುವಂತಿಲ್ಲ.

ಕಾರು ತಂದೆಯ ಹೆಸರಿನಲ್ಲಿತ್ತು, ಅವರು ತೀರಿಕೊಂಡರು. ಈಗ ನಮ್ಮನ್ನು ಕೇಳುತ್ತಿದ್ದಾರೆ.

ವಾರಸುದಾರರ ಹೊಣೆ ತಂದೆಯಿಂದ ಬಂದ ಆಸ್ತಿಯಷ್ಟಕ್ಕೆ ಮಾತ್ರ. ನಿಮ್ಮ ಸ್ವಂತ ದುಡಿಮೆಯ ಹಣ, ನಿಮ್ಮ ಹೆಸರಿನ ಸೈಟು ಇದಕ್ಕೆ ಬರುವುದಿಲ್ಲ. ತಂದೆಯಿಂದ ಏನೇನು ಬಂತು ಎಂಬುದನ್ನು ಪಟ್ಟಿ ಮಾಡಿ ನ್ಯಾಯಾಲಯಕ್ಕೆ ಕೊಡಿ.

ನಾನು ವಿದೇಶದಲ್ಲಿದ್ದೇನೆ. ಊರಿನಲ್ಲಿರುವ ಕಾರು ನನ್ನ ಹೆಸರಿನಲ್ಲಿದೆ, ಅಪಘಾತವಾದಾಗ ತಮ್ಮ ಓಡಿಸುತ್ತಿದ್ದ.

ನೋಂದಾಯಿತ ಮಾಲೀಕರು ನೀವಾದ್ದರಿಂದ ಪ್ರತಿವಾದಿಯೂ ನೀವೇ. ತಮ್ಮನಿಗೆ ಅಥವಾ ಬೇರೆ ನಂಬಿಕಸ್ತರಿಗೆ ಅಧಿಕಾರ ಪತ್ರ ಬರೆದು, ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕಳಿಸಿ. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಿ.

ವಿಮಾ ಓಂಬುಡ್ಸ್‌ಮನ್‌ಗೆ (ವಿಮಾ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ದೂರು ಕೊಟ್ಟರೆ ವಸೂಲಿ ನಿಲ್ಲುತ್ತದೆಯೇ?

ಇಲ್ಲ. ನ್ಯಾಯಾಲಯ ತೀರ್ಮಾನಿಸಿದ ವಿಷಯವನ್ನು ಓಂಬುಡ್ಸ್‌ಮನ್ ಮತ್ತೆ ತೆರೆಯುವುದಿಲ್ಲ. ನಿಮ್ಮದೇ ಕಾರಿನ ರಿಪೇರಿ ಹಣವನ್ನು ಕಂಪನಿ ತಿರಸ್ಕರಿಸಿದ್ದರೆ ಆ ದೂರಿಗೆ ಅದು ಸರಿಯಾದ ಜಾಗ. ಮೊದಲು ಕಂಪನಿಗೆ ದೂರು ಕೊಟ್ಟು, ತಿರಸ್ಕೃತವಾದರೆ ಒಂದು ವರ್ಷದೊಳಗೆ ಅಲ್ಲಿಗೆ ಹೋಗಬೇಕು. ಬೆಂಗಳೂರಿನ ಕಚೇರಿ ಜೆ.ಪಿ. ನಗರದಲ್ಲಿದೆ.

ಒಟ್ಟಿಗೆ ಕಟ್ಟುವ ಶಕ್ತಿ ಇಲ್ಲ. ಕಂಪನಿ ಜೊತೆ ರಾಜಿ ಸಾಧ್ಯವೇ?

ಸಾಧ್ಯ. ಕಂಪನಿಗೂ ವರ್ಷಗಟ್ಟಲೆ ಅಮಲ್ಜಾರಿ ನಡೆಸುವುದು ಬೇಡವಾಗಿರುತ್ತದೆ. ಡಿಕ್ರಿ ಜಾರಿಗೆ ಅವಕಾಶವಿರುವುದು 12 ವರ್ಷ, ಅಷ್ಟು ಕಾಲ ನಿಮ್ಮ ತಲೆಯ ಮೇಲೆ ತೂಗುವುದು ನಿಮಗೂ ಬೇಡ. ಲೋಕ ಅದಾಲತ್ತಿಗೆ ಪ್ರಕರಣ ಹಾಕಿಸಿ, ಬಡ್ಡಿ ಬಿಡಲು ಮತ್ತು ಕಂತು ಮಾಡಲು ಕೇಳಿ. ಆದಾಯದ ದಾಖಲೆ, ಸಾಲದ ವಿವರ ಮುಂದಿಟ್ಟು, ತಿಂಗಳಿಗೆ ನಿಜವಾಗಿ ಎಷ್ಟು ಕೊಡಬಲ್ಲಿರೋ ಅಷ್ಟನ್ನೇ ಹೇಳಿ. ಅಲ್ಲಿ ಆದ ಒಪ್ಪಂದಕ್ಕೆ ಮೇಲ್ಮನವಿ ಇಲ್ಲ, ಆದ್ದರಿಂದ ತಪ್ಪುವಂಥ ಕಂತಿಗೆ ಸಹಿ ಹಾಕಬೇಡಿ.

ಕಟ್ಟುವ ಪ್ರತಿಯೊಂದು ರೂಪಾಯಿಯೂ ಬ್ಯಾಂಕಿನ ಮೂಲಕ ಅಥವಾ ನ್ಯಾಯಾಲಯದಲ್ಲೇ ಹೋಗಲಿ, ಕಂಪನಿ ಅಧಿಕಾರಿಯ ಕೈಗೆ ನಗದು ಕೊಡಬೇಡಿ. ನ್ಯಾಯಾಲಯದ ಹೊರಗೆ ಕೊಟ್ಟ ಹಣವನ್ನು ಅಮಲ್ಜಾರಿ ಕಡತದಲ್ಲಿ ದಾಖಲಿಸದಿದ್ದರೆ ಆ ನ್ಯಾಯಾಲಯ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಂಪನಿಯೇ ತಿಳಿಸದಿದ್ದರೆ ಹಣ ಕೊಟ್ಟ 30 ದಿನದೊಳಗೆ ನೀವು ಅರ್ಜಿ ಹಾಕಿ ದಾಖಲಿಸಬೇಕು. ಕೊನೆಯ ಕಂತಿನ ದಿನ ಕಂಪನಿಯ ವಕೀಲರಿಂದ ಪೂರ್ಣ ಸಂದಾಯದ ಮೆಮೊ ಹಾಕಿಸಿ, ಪ್ರಕರಣ ಮುಕ್ತಾಯವಾದ ಆದೇಶದ ದೃಢೀಕೃತ ಪ್ರತಿ ಪಡೆಯಿರಿ. ವಾಹನ ಅಥವಾ ಜಮೀನು ಜಪ್ತಿಯಾಗಿದ್ದರೆ ಅದನ್ನು ತೆರವು ಮಾಡಿದ ಆದೇಶವನ್ನು ಆರ್‌ಟಿಒ ಕಚೇರಿಗೆ ಅಥವಾ ಉಪನೋಂದಣಾಧಿಕಾರಿ ಕಚೇರಿಗೆ ನೀವೇ ಒಯ್ದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.